ಭಾವ ಯಾವ ಮನೆಯಲ್ಲಿದ್ದಾರೆ?

ಹಂಚಿನಕೋಟೆ ಅಂತ ಒಂದೂರು. ಅಲ್ಲಿ ಮಂಚರಸ ಅಂತ ಒಬ್ಬ ರಾಜ. ರಾಜನಿಗೆ ಅರಮನೆಯಂತೂ ಇತ್ತೇ ಇತ್ತು, ಅದರ ಜೊತೆಗೆ ಪೇಟೆಯ ಹಿಂದೆ ಒಂದು ದೊಡ್ಡ ವಠಾರವೂ ಇತ್ತು. ನಡುವೆ ಬಾವಿ, ಸುತ್ತ ಸಾಲುಮನೆ, ಎಲ್ಲರೂ ಬಾಡಿಗೆಯವರು. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕ ಕಾಶಿಗೆ ಹೊರಟುಹೋದ. ಹೊಸ ಪಾರುಪತ್ಯಗಾರ ಬೇಕಾಯಿತು.

ರಾಣಿಯ ತಮ್ಮ ಚೆಲುವಯ್ಯ ಸಭೆಯಲ್ಲೇ ಎದ್ದು ಎದೆ ತಟ್ಟಿಕೊಂಡ. "ನನ್ನ ಕೈಗೆ ಕೊಡಿ ಭಾವ! ಬಾಡಿಗೆಯವರು ಸೀನಬೇಕಾದರೂ ನನ್ನ ಅಪ್ಪಣೆ ಕೇಳಬೇಕು, ಹಾಗೆ ಮಾಡ್ತೀನಿ!"

ರಾಜನಿಗೆ ಪೀಕಲಾಟಕ್ಕಿಟ್ಟುಕೊಂಡಿತು. ಬೇಡ ಅಂದರೆ ರಾಣಿ ಮೂರು ಹೊತ್ತೂ ಹಾಗಲಕಾಯಿ ಬಡಿಸುತ್ತಾಳೆ. ಸರಿ ಅಂದರೆ ಇಡೀ ವಠಾರ ದೂರು ಹೊತ್ತು ಬಂದು ಅರಮನೆ ಬಾಗಿಲಲ್ಲಿ ಕೂರುತ್ತದೆ.

ಆಸ್ಥಾನದ ಜಾಣ ಕೇತಣ್ಣನನ್ನು ಮೂಲೆಗೆ ಕರೆದ. "ಕೇತಣ್ಣ, ಪಾರುಪತ್ಯ ಚೆಲುವಯ್ಯನಿಗೇ. ಆದರೆ ಯುಗಾದಿಯವರೆಗೆ ವಠಾರದಿಂದ ಒಂದು ದೂರೂ ಬರಕೂಡದು. ಬಂತೋ, ಅವನನ್ನು ತಂದು ನಿನ್ನ ಮನೇಲಿ ಇರಿಸ್ತೀನಿ. ಸಾಯೋತನಕ!"

"ಯಾರು ಸಾಯೋತನಕ ಪ್ರಭು?"

"ನಿಮ್ಮಿಬ್ಬರಲ್ಲಿ ಯಾರು ಮೊದಲೋ ಅಲ್ಲೀತನಕ."

ಕೇತಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಚೆಲುವಯ್ಯ ಕೂತರೆ ಒಂದು ಬುಟ್ಟಿ ಹೋಳಿಗೆ ಮುಗಿಸಿ, ಎದ್ದರೆ ಹಾಡು ಹೇಳುವ ಆಸಾಮಿ. ಹೋಳಿಗೆಯನ್ನಾದರೂ ಹೇಗೋ ಹೊಂದಿಸಬಹುದು. ಆ ಹಾಡು!

"ಹಾಗಾದರೆ ನನಗೊಂದು ಉಪಕಾರ ಮಾಡಿ ಪ್ರಭು. ಯುಗಾದಿಯವರೆಗೆ ಮಾವಿನ ತೋಪಿನ ಮನೇಲಿ ಹಾಯಾಗಿರಿ. ಎಲ್ಲಿದ್ದೀರಿ ಅಂತ ಯಾರಿಗೂ ತಿಳೀಬಾರದು, ರಾಣಿಯವರಿಗೂ."

ರಾಜ ಕೂಡಲೇ ಗಾಡಿ ಹತ್ತಿದ. ರಾಣಿಗೂ ತಿಳೀಬಾರದು ಅಂದಮೇಲೆ ಕೇಳಬೇಕೆ!

ಇತ್ತ ಚೆಲುವಯ್ಯ ವಠಾರಕ್ಕೆ ಕಾಲಿಟ್ಟವನೇ ಬಾವಿಯ ರಾಟೆ ಬಿಚ್ಚಿಸಿಕೊಂಡು ಹೋದ. ನೀರು ಸೇದಿದರೆ ಕಿರ್ರಂತದಂತೆ, ಅವನ ನಿದ್ದೆ ಕೆಡುತ್ತದಂತೆ. ಮೆಣಸಿನಕಾಯಿ ಕುಟ್ಟಬಾರದು. ಸೂರು ಸೋರಿದರೆ ಕೆಳಗೆ ಪಾತ್ರೆ ಇಟ್ಟುಕೊಳ್ಳಿ, ಹೆಂಚಿನ ಮಾತೆತ್ತಬೇಡಿ.

ಸಾರಿನ ಪುಡಿ ಮಾರಿ ಬದುಕುವ ಸಾಕವ್ವ ಒನಕೆ ಹೆಗಲಿಗೇರಿಸಿ ಅರಮನೆ ಕಡೆ ಹೊರಟೇಬಿಟ್ಟಳು. ಕೇತಣ್ಣ ಓಡಿಬಂದು ಅಡ್ಡ ನಿಂತ.

"ಇವತ್ತೊಂದು ದಿನ ತಡಕೋ ತಾಯಿ."

"ಯಾಕೆ ತಡಕೊಳ್ಳಲಿ? ನೀರಿಗೆ ನಿಮ್ಮನೆಗೆ ಬರ್ಲಾ?"

"ನಾಳೆಗೆ ರಾಟೆ ಬರದಿದ್ದರೆ ಆ ಒನಕೆ ನಾನೇ ಹೊತ್ತುಕೊಂಡು ನಿನ್ನ ಜೊತೆ ಬರ್ತೀನಿ."

ಸಾಕವ್ವ ಗೊಣಗುತ್ತ ಹಿಂದಿರುಗಿದಳು. ಕೇತಣ್ಣ ಸೀದಾ ಚೆಲುವಯ್ಯನ ಬಳಿ ಹೋಗಿ ಕಿವಿಯಲ್ಲಿ ಪಿಸುಗುಟ್ಟಿದ. "ಸ್ವಾಮೀ, ಗುಟ್ಟಿನ ಮಾತು. ರಾಜರು ಅರಮನೇಲಿಲ್ಲ."

"ಅದು ನಂಗೂ ಗೊತ್ತು. ಎಲ್ಲಿ ಹೋದ್ರು?"

"ನಿಮ್ಮ ವಠಾರಕ್ಕೆ! ಬಾಡಿಗೆಯವರಲ್ಲಿ ಒಬ್ಬರನ್ನು ಊರಿಗೆ ಕಳಿಸಿ, ಥೇಟು ಅವರ ಹಾಗೇ ವೇಷ ಹಾಕ್ಕೊಂಡು ಕೂತಿದ್ದಾರಂತೆ. ನೀವು ಹೇಗೆ ನಡಕೋತೀರಿ ಅಂತ ನೋಡೋಕೆ."

ಚೆಲುವಯ್ಯನ ಬಾಯಲ್ಲಿದ್ದ ಎಲೆಯಡಿಕೆ ಜಾರಿ ಅಂಗಿ ಮೇಲೆ ಬಿತ್ತು. "ಯಾವ ಮನೇಲಿ? ಯಾರ ವೇಷ?"

"ನೋಡಿದ ಕೂಡಲೇ ಗೊತ್ತಾದರೆ ಅದೆಂಥ ವೇಷ ಸ್ವಾಮಿ?"

ಬೆಳಗಾಗುವುದರೊಳಗೆ ರಾಟೆ ಬಾವಿಗೆ ಬಂತು, ಗಾಲಿಗೆ ಎಣ್ಣೆಯೂ ಬಿತ್ತು. ಚೆಲುವಯ್ಯ ಭಾವನನ್ನು ಹುಡುಕಲು ಹೊರಟ.

ಮೊದಲ ಮನೆಯಲ್ಲೊಬ್ಬ ಮಾಜಿ ಸಿಪಾಯಿ. ಗಿರಿಜಾಮೀಸೆ. ಅಂಟಿಸಿದ್ದಿರಬೇಕು ಅಂತ ಚೆಲುವಯ್ಯ ಮೆಲ್ಲಗೆ ಎಳೆದ. ಮೀಸೆ ಬರಲಿಲ್ಲ, ಕೆನ್ನೆಗೆ ಏಟು ಬಂತು.

ಸಾಕವ್ವನ ಮನೆಗೆ ಹೋಗಿ ಬಗ್ಗಿ ಕೇಳಿದ. "ಭಾವಾ?"

"ಯಾರೋ ನಿಂಗೆ ಭಾವ? ನಿನ್ನ ಹಲ್ಲುದುರಿಸ್ತೀನಿ!"

"ಸಿಟ್ಟು ನೋಡಿದರೆ ಭಾವನೇ," ಅಂದುಕೊಂಡು ಎರಡು ಕೊಡ ನೀರು ಸೇದಿ ತಂದಿಟ್ಟ. ಕಣ್ಣು ಮೂಗೆಲ್ಲ ಸೋರಿಸಿಕೊಂಡು ಮೆಣಸಿನಕಾಯಿಯನ್ನೂ ತಾನೇ ಕುಟ್ಟಿಕೊಟ್ಟ.

ಹಿತ್ತಲಲ್ಲಿ ಎಮ್ಮೆ ಕಟ್ಟಿತ್ತು. ಅವನು ಏನೋ ಮಾತಾಡಿಸಿದ, ಅದು ಕೇಳಿಸಿಕೊಳ್ಳದೆ ಮುಖ ತಿರುಗಿಸಿತು. ಅವನು ಬಾಯಿಬಿಟ್ಟರೆ ಭಾವ ಮಾಡುವುದೂ ಹೀಗೇ! ಯಾವುದಕ್ಕೂ ಇರಲಿ ಅಂತ ಎಮ್ಮೆಗೂ ಅಡ್ಡಬಿದ್ದ.

ಒಬ್ಬರ ಸೂರು ಬಿಟ್ಟು ಒಬ್ಬರದು ಸರಿಮಾಡಲು ಧೈರ್ಯ ಸಾಲದು. ಬಿಟ್ಟ ಮನೆಯಲ್ಲೇ ಭಾವ ಇದ್ದರೆ? ಹೀಗಾಗಿ ಎಲ್ಲರ ಹೆಂಚೂ ಸರಿಯಾಯಿತು, ಎಲ್ಲರ ಗೋಡೆಗೂ ಸುಣ್ಣ ಬಿತ್ತು. ಎಮ್ಮೆಗೊಂದು ಹೊಸ ಚಪ್ಪರವೂ ಆಯಿತು.

ಯುಗಾದಿಗೆ ರಾಜ ಹಿಂದಿರುಗಿದ. ಸಭೆ ಸೇರುತ್ತಿದ್ದ ಹಾಗೆ ವಠಾರಕ್ಕೆ ವಠಾರವೇ ಒಳನುಗ್ಗಿತು, ಮುಂದೆ ಸಾಕವ್ವ. ಕೇತಣ್ಣನ ಕಿವಿಯೊಳಗೆ ಆಗಲೇ ಚೆಲುವಯ್ಯನ ಹಾಡು ಶುರುವಾಯಿತು.

"ಪ್ರಭೂ," ಅಂದಳು ಸಾಕವ್ವ, "ಈ ಪಾರುಪತ್ಯಗಾರನ್ನ ಮಾತ್ರ ಬದಲಾಯಿಸಬೇಡಿ. ಸ್ವಲ್ಪ ತಲೆ ಕೆಟ್ಟಿದೆ, ಆದರೆ ಚಿನ್ನದಂಥ ಮನುಷ್ಯ!"

ಅವರೆಲ್ಲ ಹೋದಮೇಲೆ ಕೇತಣ್ಣ ನಡೆದದ್ದು ಹೇಳಿದ. ರಾಜ ಕಿರೀಟ ಜಾರುವಷ್ಟು ನಕ್ಕ. ಆಮೇಲೆ ತಟ್ಟನೆ ನಗು ನಿಂತಿತು.

"ಅಲ್ಲಯ್ಯಾ, ನಾನೀಗ ಇಲ್ಲೇ ಕೂತಿದ್ದೀನಲ್ಲ. ನಾಳೆಯಿಂದ ಅವನು ಯಾರಿಗೆ ಹೆದರ್ತಾನೆ?"

"ಬೆಳಗ್ಗೆಯೇ ಅವನಿಗೆ ಹೇಳಿಬಂದೆ ಪ್ರಭು. ರಾಜರ ಸರದಿ ಮುಗೀತು, ಇವತ್ತಿಂದ ನಿಮ್ಮ ಅಕ್ಕ ವೇಷ ಹಾಕ್ಕೊಂಡು ಅಲ್ಲಿರ್ತಾರೆ ಅಂತ. ಕೇಳಿದ್ದೇ ತಡ, ಹೆಂಚು ಹೊತ್ತು ಸೂರು ಹತ್ತಿದ, ಇನ್ನೂ ಇಳಿದಿಲ್ಲ."

"ಅಯ್ಯೋ! ಅವಳು ಒಳಗೇ ಇದ್ದಾಳಲ್ಲೋ! ತಮ್ಮನ ಕಣ್ಣಿಗೆ ಬೀಳಬೇಡ, ಹೊರಗೆ ಬರಬೇಡ ಅಂತ ಅವಳಿಗೆ ಹೇಳೋರ್ಯಾರು?"

ಕೇತಣ್ಣ ಕೈಮುಗಿದ. "ವಠಾರದ್ದು ನಾನು ನೋಡಿಕೊಂಡೆ ಪ್ರಭು. ಅಂತಃಪುರದ ಪಾರುಪತ್ಯ ತಮ್ಮದು."

ರಾಜ ಮತ್ತೆ ಗಹಗಹಿಸಿ ನಕ್ಕು, ಕೊರಳ ಸರ ತೆಗೆದು ಕೇತಣ್ಣನಿಗೆ ಹಾಕಿದ. ಆಮೇಲೆ ನಗುವನ್ನೆಲ್ಲ ಒರೆಸಿಕೊಂಡು, ಮೆಲ್ಲಗೆ ಅಂತಃಪುರದ ಕಡೆ ಹೆಜ್ಜೆಹಾಕಿದ.