ಸೂರ್ಯಕಾಂತಿಯ ದಂಟು

ಒಂದು ಮಂಗಳವಾರ ಬೆಳಿಗ್ಗೆ ಕೊಟ್ರಯ್ಯ ಎಂಬ ಶಿಷ್ಯ ಮಠಕ್ಕೆ ಬಂದು ಗುರುಗಳನ್ನು ಕೇಳಿದ: “ಗುರುಗಳೇ, ಮನಸ್ಸಿನೊಳಗಿನ ವಿಷವನ್ನು ಎಷ್ಟು ಸಲ ಕಿತ್ತು ತೆಗೆದರೂ ಅದು ಇದ್ದಷ್ಟೇ ಇರುತ್ತದಲ್ಲ, ಯಾಕೆ?”

ಯಾವ ವಿಷ ಎಂದು ಗುರುಗಳು ಕೇಳಲಿಲ್ಲ. ಆರು ವರ್ಷದ ಹಿಂದೆ, ತಾಯಿ ತೀರಿಕೊಂಡ ದಿನ, ಕೊಟ್ರಯ್ಯನ ಅಣ್ಣ ಹತ್ತು ಜನರ ಎದುರಿಗೆ ಅವನಿಗೆ ಒಂದು ಮಾತು ಅಂದಿದ್ದ: “ಬದುಕಿದ್ದಾಗ ನೋಡದವನು ಈಗ ಅಳುವುದಕ್ಕೆ ಬಂದ.” ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಕೊಟ್ರಯ್ಯ ಪ್ರತಿ ಸೋಮವಾರ ಉಪವಾಸವಿದ್ದು, ಕಣ್ಣು ಮುಚ್ಚಿ ಕುಳಿತು, ಅಣ್ಣನನ್ನು ಕ್ಷಮಿಸುತ್ತಿದ್ದ. ಆದರೂ ಆ ಮಾತು ಮಠದ ಅಡುಗೆಯವನಿಗೂ ಹೂ ತರುವವಳಿಗೂ ಬಾಯಿಪಾಠವಾಗಿತ್ತು. ಈಗಲೂ ಕೊಟ್ರಯ್ಯ ಅದನ್ನು ಮೊದಲಿನಿಂದ ಹೇಳಿದ. ಹೇಳಿ ಮುಗಿಸಿ, “ಅಣ್ಣನಿಗೆ ಈಗ ಮೈಯಲ್ಲಿ ಹುಷಾರಿಲ್ಲವಂತೆ. ಹೋಗಿ ನೋಡಬೇಕು ಅನ್ನಿಸುತ್ತದೆ. ಕಾಲೇ ಏಳುವುದಿಲ್ಲ,” ಎಂದ.

“ಕೂತುಕೋ. ನೀನು ಹೇಳಿದ್ದಾಯಿತು, ಇನ್ನು ನಾನು ಹೇಳುತ್ತೇನೆ,” ಎಂದು ಗುರುಗಳು ಶುರು ಮಾಡಿದರು.

ಕಾಲುವೆ ನೀರಿನ ಒಂದು ಊರು. ಅಲ್ಲಿ ಒಬ್ಬ ರೈತ. ಹೆಸರು ಬೇಡ, ಅವನ ಮನೆಯವರು ಇನ್ನೂ ಇದ್ದಾರೆ. ಎರಡು ಎಕರೆ ಗದ್ದೆ, ಅದರ ಭತ್ತವನ್ನೇ ಮನೆಮಂದಿ ಉಣ್ಣುತ್ತಿದ್ದರು. ಒಂದು ವರ್ಷ ಕಾಲುವೆಯ ಮೇಲುಗಡೆ ಒಂದು ಶೆಡ್ಡು ಎದ್ದಿತು. ಕಬ್ಬಿಣದ ಸಾಮಾನಿಗೆ ಹೊಳಪಿನ ಲೇಪ ಕೊಡುವ ಶೆಡ್ಡು. ತೊಳೆದ ನೀರನ್ನು ಅವರು ಕಾಲುವೆಗೆ ಬಿಡುತ್ತಿದ್ದರು. ನೀರು ನೋಡಲು ತಿಳಿಯಾಗಿಯೇ ಇತ್ತು. ಪೈರೂ ಹಸಿರಾಗಿಯೇ ಇತ್ತು, ಅನ್ನದ ರುಚಿಯೂ ಕೆಡಲಿಲ್ಲ. ಕೆಟ್ಟದ್ದು ಬರುವಾಗ ಕೆಟ್ಟ ವಾಸನೆಯನ್ನು ಹೊತ್ತುಕೊಂಡೇ ಬರಬೇಕು ಎಂದು ಯಾವ ಶಾಸ್ತ್ರದಲ್ಲಿದೆ?

ಹತ್ತು ಹನ್ನೆರಡು ವರ್ಷ ಕಳೆಯಿತು. ರೈತನ ಹೆಂಡತಿಗೆ ಕಾಲು ಬಾತುಕೊಂಡಿತು, ಮೂಳೆ ಮೂಳೆಯಲ್ಲಿ ನೋವು. ಮೂತ್ರಪಿಂಡ ಸೋಲುತ್ತಿದೆ ಎಂದರು ಡಾಕ್ಟರು. ಆ ಊರಿನಿಂದ ಅಂಥವರು ಇನ್ನೂ ನಾಲ್ಕು ಜನ ಬಂದಿದ್ದರಿಂದ ನೀರು, ಮಣ್ಣು, ಅಕ್ಕಿ ಎಲ್ಲವೂ ಪರೀಕ್ಷೆಗೆ ಹೋಯಿತು. ಶೆಡ್ಡಿನ ನೀರಿನಿಂದ ಕ್ಯಾಡ್ಮಿಯಂ ಎಂಬ ಲೋಹ ಗದ್ದೆಯ ಮಣ್ಣಿಗೆ ಸೇರಿದೆ, ಭತ್ತ ಅದನ್ನು ಹೀರಿ ಕಾಳಿಗೆ ತಂದಿದೆ ಎಂದು ತಿಳಿಯಿತು. ಆ ಹೆಸರು ನನ್ನ ನಾಲಗೆಗೇ ಕಷ್ಟ. ಪಾಪ, ಅವಳ ಮೈಗೆ ಎಷ್ಟು ಕಷ್ಟವಾಗಿರಬೇಡ. ಊರವರು ಜಗಳ ಮಾಡಿ ಶೆಡ್ಡನ್ನು ಮುಚ್ಚಿಸಿದರು. ಆದರೆ ಬಾಗಿಲು ಹಾಕಿದ ಮಾತ್ರಕ್ಕೆ ಒಳಗೆ ಬಂದು ಕೂತವನು ಎದ್ದು ಹೋಗುತ್ತಾನೆಯೇ? ಮಣ್ಣಿಗೆ ಸೇರಿದ್ದು ಮಣ್ಣಿನಲ್ಲೇ ಉಳಿಯಿತು.

ಅಂದಿನಿಂದ ಆ ಮನೆಗೆ ಅಂಗಡಿಯ ಅಕ್ಕಿ ಬಂತು. ಹೆಂಡತಿ ಉಣ್ಣುತ್ತಿದ್ದಳು, ಆದರೆ ಒಂದು ದಿನ ತಡೆಯಲಾರದೆ ಅಂದುಬಿಟ್ಟಳು: “ಕೊನೆಗೆ ನನ್ನ ಬಾಯಿಗೆ ಹಾಕುವ ನಾಲ್ಕು ಕಾಳು ಅಕ್ಕಿಯಾದರೂ ನಮ್ಮ ಗದ್ದೆಯದ್ದಾಗಿರಲಿ.” ರೈತನಿಗೆ ಆ ಮಾತು ನಟ್ಟಿತು. ಅವಳು ಬದುಕಿರುವಾಗಲೇ, ತಟ್ಟೆಯ ಮುಂದೆ ಕೂತಿರುವಾಗಲೇ, ಆ ಅನ್ನ ಬಡಿಸಬೇಕು ಎಂದು ಅವನು ಹಟ ಹಿಡಿದ.

ಮಣ್ಣು ಪರೀಕ್ಷೆ ಮಾಡಿದ ಹೆಣ್ಣುಮಗಳನ್ನು ಹುಡುಕಿಕೊಂಡು ಪಟ್ಟಣಕ್ಕೆ ಹೋದ. ಅವಳು ಹೇಳಿದಳು: “ಸೂರ್ಯಕಾಂತಿ ಹಾಕಿ. ಅದರ ಬೇರು ಈ ಲೋಹವನ್ನು ಎಳೆದುಕೊಳ್ಳುತ್ತದೆ. ಬೆಳೆದ ಮೇಲೆ ಬೇರುಸಮೇತ ಕಿತ್ತುಬಿಡಿ. ಅದರ ಬೀಜ ನೀವೂ ತಿನ್ನಬೇಡಿ, ದನಕ್ಕೂ ಹಾಕಬೇಡಿ. ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ.” ರೈತ ಅಕ್ಷರ ತಪ್ಪದೆ ಹಾಗೆಯೇ ಮಾಡಿದ. ತಿನ್ನಬೇಡ ಅಂದರು, ತಿನ್ನಲಿಲ್ಲ. ಕೀಳು ಅಂದರು, ಕಿತ್ತ.

ಮೊದಲ ವರ್ಷದ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಲೋಹ ಹತ್ತು ಪಾಲು ಇತ್ತು. ಎರಡನೆಯ ವರ್ಷವೂ ಹತ್ತು. ಮೂರನೆಯ ವರ್ಷವೂ ಅಷ್ಟೇ. ಊರವರು, “ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುತ್ತಿದ್ದಾನೆ,” ಎಂದು ನಕ್ಕರು. ಹೆಂಡತಿ ಸೊರಗುತ್ತಿದ್ದಳು. ರೈತನಿಗೆ ಭೂಮಿಯ ಮೇಲೆಯೇ ಸಿಟ್ಟು ಬಂತು.

ಆ ಚೀಟಿಗಳನ್ನು ನಂಬಲಾಗದೆ ಪಟ್ಟಣದ ಹೆಣ್ಣುಮಗಳು ಒಂದು ದಿನ ತಾನೇ ಹೊರಟು ಬಂದಳು. ಗದ್ದೆಯನ್ನು ಸುತ್ತಿ ನೋಡಿದಳು. ಎಲ್ಲ ಸರಿಯಾಗಿತ್ತು. ಅವಳು ಹೊರಡುವಾಗ ರೈತ, ಮನೆಗೆ ಬಂದವರಿಗೆಲ್ಲ ತೋರಿಸುವಂತೆ, ತನ್ನ ತಿಪ್ಪೆಯನ್ನು ತೋರಿಸಿದ. ಆ ಮನುಷ್ಯನಿಗೆ ತಿಪ್ಪೆಯೆಂದರೆ ದೇವರು. ಅವನ ಮನೆಯ ಒಂದು ಕಡ್ಡಿ ಹೊರಗೆ ಹೋದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಅವಳು ನೋಡಿದಳು. ಗೊಬ್ಬರದ ನಡುವೆ ಅರ್ಧ ಕೊಳೆತ ಸೂರ್ಯಕಾಂತಿಯ ದಂಟು.

“ಮೂರು ವರ್ಷದ ಗಿಡವನ್ನೂ ಇಲ್ಲಿಗೇ ಹಾಕಿದಿರಾ?”

“ಮತ್ತೆಲ್ಲಿ ಹಾಕಲಿ, ತಾಯಿ? ಭೂಮಿಯದ್ದು ಭೂಮಿಗೆ. ನಮ್ಮಪ್ಪ ಕಲಿಸಿದ್ದು ಅದೇ.”

ಅವಳು ಒಂದು ದಂಟನ್ನು ಎಳೆದು ಕೈಗೆತ್ತಿಕೊಂಡಳು. “ಗಿಡ ತನ್ನ ಕೆಲಸ ಮಾಡಿದೆ, ಯಜಮಾನರೇ. ಅದು ಎತ್ತಿಕೊಟ್ಟದ್ದನ್ನೆಲ್ಲ ನೀವು ಪ್ರತಿ ವರ್ಷ ಗಾಡಿಯಲ್ಲಿ ಹೇರಿ ವಾಪಸ್ಸು ಗದ್ದೆಗೆ ಹರಡಿದ್ದೀರಿ. ತಪ್ಪು ನನ್ನದೂ ಇದೆ, ನಾನು ಹೇಳಲಿಲ್ಲ.”

ಅವಳಿಗೆ ಹೇಳಬೇಕು ಎಂದು ಹೊಳೆದಿರಲಿಲ್ಲ, ಅವನಿಗೆ ಕೇಳಬೇಕು ಎಂದು ಹೊಳೆದಿರಲಿಲ್ಲ. ಸೋಮಾರಿಯಾಗಿದ್ದರೆ ಅವನು ಆ ದಂಟನ್ನು ಎಲ್ಲೋ ಬಿಸಾಡಿರುತ್ತಿದ್ದ, ಗದ್ದೆ ಎಂದೋ ಹಗುರಾಗಿರುತ್ತಿತ್ತು. ಒಳ್ಳೆಯ ರೈತನಾದದ್ದಕ್ಕೇ ಕೆಟ್ಟ.

ಕಿತ್ತ ಗಿಡವನ್ನು ಇನ್ನು ಚೀಲಕ್ಕೆ ಕಟ್ಟಿಡಬೇಕು, ವಿಷದ ಕಸ ಹೂಳುವ ಬೇರೆ ಜಾಗಕ್ಕೆ ಲಾರಿ ಒಯ್ಯುತ್ತದೆ, ತಿಪ್ಪೆಯೂ ಹೋಗಬೇಕು ಎಂದಳು ಅವಳು. ರೈತ ಒಪ್ಪಲಿಲ್ಲ. ಭೂಮಿ ಕೊಟ್ಟದ್ದನ್ನು ಹೊರಗೆ ಹಾಕುವುದು ಪಾಪ ಎಂದು ವಾದ ಮಾಡಿದ. ಆಗ ಒಳಗಿನಿಂದ ಹೆಂಡತಿ ಗೋಡೆ ಹಿಡಿದುಕೊಂಡು ಬಂದಳು.

“ಮನೆಗೆ ಬಂದದ್ದನ್ನೆಲ್ಲ ಸಾಕಿದಿರಿ, ಸಂತೋಷ. ನನ್ನ ರೋಗವನ್ನೂ ಸಾಕುತ್ತೀರಾ?”

ಮರುವಾರ ಲಾರಿ ಬಂತು. ಅಪ್ಪನ ಕಾಲದ ತಿಪ್ಪೆ ಬರಿದಾಗುವುದನ್ನು ನೋಡುತ್ತಾ ರೈತ ಅತ್ತ. ಅತ್ತರೂ ತಾನೇ ಬುಟ್ಟಿ ಎತ್ತಿ ಕೊಟ್ಟ.

ಮುಂದಿನ ವರ್ಷದ ಚೀಟಿಯಲ್ಲಿ ಎಂಟೂವರೆ ಬಂತು. ಅದರ ಮುಂದಿನ ವರ್ಷ ಏಳು. ನಕ್ಕವರು ತಮ್ಮ ಗದ್ದೆಗೆ ಬೀಜ ಕೇಳಿಕೊಂಡು ಬಂದರು. ಅವಸರವೇನೂ ಆಗಲಿಲ್ಲ, ಭೂಮಿ ತನ್ನ ಲೆಕ್ಕದಲ್ಲೇ ಇಳಿಸಿತು. ಎಂಟನೆಯ ವರ್ಷ ಭತ್ತ ಹಾಕಿದರು. ಅಕ್ಕಿಯನ್ನು ಪರೀಕ್ಷೆಗೆ ಕಳಿಸಿದರು. ಉಣ್ಣಬಹುದು ಎಂದು ಉತ್ತರ ಬಂತು.

ಹೆಂಡತಿಯ ಮೈ ಮೊದಲಿನಂತಾಗಿರಲಿಲ್ಲ. ಆದರೆ ವಿಷ ಒಳಗೆ ಹೋಗುವುದು ಎಂದೋ ನಿಂತಿದ್ದರಿಂದ ರೋಗವೂ ಮೆಲ್ಲಗೆ ಒಂದು ಹಂತಕ್ಕೆ ಬಂದು ನಿಂತಿತ್ತು. ಅವತ್ತು ರೈತ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ತಾನೇ ಅನ್ನ ಮಾಡಿ, ತಾನೇ ಬಡಿಸಿ, ಎದುರಿಗೆ ಕೂತ. ಅವಳು ಒಂದು ತುತ್ತು ಬಾಯಿಗಿಟ್ಟು ಏನಂದಳು ಗೊತ್ತೇ? “ಹೊಸ ಅಕ್ಕಿಗೆ ಯಾರಾದರೂ ಇಷ್ಟು ನೀರು ಇಡುತ್ತಾರಾ? ಮುದ್ದೆಯಾಗಿದೆ.” ಅಂದು, ಇನ್ನೊಂದು ಸಲ ಬಡಿಸಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯ ಕಣ್ಣೊರೆಸಿಕೊಂಡ.

“ಎಂಥ ಮಾತು ಗುರುಗಳೇ. ಇದನ್ನು ನಮ್ಮಣ್ಣನಿಗೆ ಯಾರಾದರೂ ಹೇಳಬೇಕಿತ್ತು. ಅವತ್ತು ಅವ್ವ ಹೋದ ದಿನ, ಅಷ್ಟು ಜನರ ಎದುರಿಗೆ, ಅವನು ನನಗೆ...”

ಗುರುಗಳು ಅವನ ಮೊಣಕಾಲಿನ ಮೇಲೆ ಮೆಲ್ಲಗೆ ಕೈಯಿಟ್ಟರು.

“ಸೋಮವಾರ ಕಿತ್ತ ಗಿಡವನ್ನು ಮಂಗಳವಾರ ಎಲ್ಲಿಗೆ ಹಾಕುತ್ತಿದ್ದೀಯಪ್ಪಾ?”