ಬಾಗಿಲಾಚೆಯ ಅಡ್ರಿನಾಲಿನ್

ಹೋರಿ ಕೊಂಬು ಬಗ್ಗಿಸಿ ನುಗ್ಗಿತು. ನೀಲವ್ವ ಓಟ ಕಿತ್ತಳು. ಆ ಕ್ಷಣವೇ ಅವಳ ರಕ್ತದಲ್ಲಿ ಅಡ್ರಿನಾಲಿನ್ ಎಂಬ ಹಾರ್ಮೋನು ಧಾವಿಸಿ ಬಂದು, ಹೃದಯದ ಒಂದು ಜೀವಕೋಶದ ಬಾಗಿಲು ಬಡಿಯಿತು.

"ಬಾಗಿಲು ತೆಗೆ! ನಾನೇ ಒಳಗೆ ಹೋಗಿ ಸುದ್ದಿ ಹೇಳಬೇಕು!"

"ಇಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ," ಎಂದಿತು ಬಾಗಿಲು ಕಾಯುವ ರಿಸೆಪ್ಟರ್. "ನನ್ನ ಕೈ ಹಿಡಿ, ಸಾಕು."

ಅಡ್ರಿನಾಲಿನ್ ಸಿಟ್ಟಿನಿಂದಲೇ ಕೈ ಹಿಡಿಯಿತು. ರಿಸೆಪ್ಟರ್ ಮೈ ತಿರುಚಿತು. ಅದರ ಬೆನ್ನು ತಗುಲಿ, ಒಳಗೆ ತೂಕಡಿಸುತ್ತಿದ್ದ, ಸುದ್ದಿ ಒಯ್ಯುವ ಜಿ ಪ್ರೋಟೀನ್ ಎಚ್ಚೆತ್ತಿತು. ಆರಿದ ಪಂಜನ್ನು ಬಿಸಾಕಿ, ಉರಿಯುವ ಪಂಜನ್ನು ಎತ್ತಿಕೊಂಡು, "ಏಳಿ! ಏಳಿ!" ಎಂದು ಕೂಗುತ್ತ ಓಡಿತು. ಕೋಶವೆಲ್ಲ ಎದ್ದಿತು, ಅಕ್ಕಪಕ್ಕದ ಕೋಶಗಳೂ ಹೀಗೇ ಎದ್ದವು. ಹೃದಯ ನಗಾರಿಯಂತೆ ಬಡಿಯಿತು. ನೀಲವ್ವ ಎದೆಯೆತ್ತರದ ಗೋಡೆಯನ್ನು ಒಂದೇ ನೆಗೆತಕ್ಕೆ ದಾಟಿಬಿಟ್ಟಳು! ಹೋರಿಯ ಕೊಂಬು ಕಲ್ಲಿಗೆ ತಾಗಿತು.

"ನೋಡಿದೆಯಾ ನನ್ನ ಪ್ರತಾಪ!" ಅಡ್ರಿನಾಲಿನ್ ಕುಣಿಯಿತು. "ಒಳಗೆ ಓಡಿದವನನ್ನು ಕರೆ, ನನಗೆ ಕೈಮುಗಿಯಲಿ."

"ಅವನು ನಿನ್ನನ್ನು ಕಂಡೇ ಇಲ್ಲ. ನಾನು ತಿರುಗಿದ್ದಷ್ಟೇ ಅವನಿಗೆ ಗೊತ್ತು. ಓಡಿ ಮುಗಿದ ಮೇಲೆ ತನ್ನ ಪಂಜನ್ನು ತಾನೇ ಆರಿಸಿ ಮಲಗುತ್ತಾನೆ. ಆದರೆ ನೀನು ನನ್ನ ಕೈ ಹಿಡಿದಿರುವ ತನಕ ಪಾಪ, ಮತ್ತೆ ಮತ್ತೆ ಎದ್ದು ಓಡಬೇಕು."

"ಓಡಲಿ! ಇನ್ನಷ್ಟು ಓಡಲಿ!"

ಗೋಡೆಯಾಚೆ ನೀಲವ್ವ ಎದೆ ಹಿಡಿದುಕೊಂಡು ಕುಸಿದು ಕೂತಳು.

"ಹೋರಿಯಿಂದ ಅವಳನ್ನು ಉಳಿಸಿದ್ದು ನೀನೇ, ಒಪ್ಪಿದೆ," ಎಂದಿತು ರಿಸೆಪ್ಟರ್. "ಈಗ ಅವಳನ್ನು ನಿನ್ನಿಂದ ಉಳಿಸಬೇಕಾಗಿದೆ. ಕೈ ಬಿಡು."

ಅಡ್ರಿನಾಲಿನ್ ಕುಣಿತ ನಿಲ್ಲಿಸಿ ಕೈ ಬಿಟ್ಟಿತು. ನೀಲವ್ವ ಉಸ್ಸೆಂದು ಉಸಿರು ಬಿಟ್ಟಳು. ಆಮೇಲೆ ಎದ್ದು ನಿಂತು, ಗೋಡೆಯ ಮೇಲಿಂದ ಹೋರಿಗೆ ಬಾಯಿಗೆ ಬಂದಂತೆ ಬೈಯತೊಡಗಿದಳು.