ಗುಂಯ್‌ಗುಡುವ ಟೊಪ್ಪಿಗೆಯೂ ರಾಜನ ರೊಟ್ಟಿಯೂ

ಒಂದಾನೊಂದು ಊರು. ಹೆಸರು ಕೇಳಬೇಡಿ, ಅದು ಊರಿಗೇ ನೆನಪಿಲ್ಲ. ಅಲ್ಲಿಯ ಅಡಿವೆಪ್ಪ ರಾಜನಿಗೆ ಒಂದೇ ಚಿಂತೆ. ಅವನು ಬಡಿದ ಜೋಳದ ರೊಟ್ಟಿ ದುಂಡಗಾಗುತ್ತಿರಲಿಲ್ಲ. ಒಂದು ಕತ್ತೆಯ ಕಿವಿಯಂತಾಯಿತು. ಇನ್ನೊಂದು ಪಕ್ಕದ ರಾಜ್ಯದ ನಕ್ಷೆಯಂತಾಯಿತು. ಅದನ್ನು ಮುರಿದು ತಿಂದಾಗ, ಅರ್ಧ ರಾಜ್ಯ ಕಾಣುತ್ತಿಲ್ಲವೆಂದು ಪಕ್ಕದ ರಾಜ ದೂರು ಕಳಿಸಿದ.

"ನನ್ನ ರೊಟ್ಟಿ ದುಂಡಗಾಗೋತನಕ ಊರಾಗ ಯಾರೂ ರೊಟ್ಟಿ ಬಡಿಬಾರ್ದು," ಎಂದು ಅಡಿವೆಪ್ಪ ಡಂಗುರ ಹೊಡೆಸಿದ.

ಊರಿನ ಒಲೆಗಳು ತಣ್ಣಗಾದವು. ಎಲ್ಲರಿಗಿಂತ ಸಿಟ್ಟು ಬಂದದ್ದು ರೊಟ್ಟಿ ಬಡಿದೇ ಮನೆ ಕಟ್ಟಿದ್ದ ಫಕೀರವ್ವನಿಗೆ. ಅವಳ ರೊಟ್ಟಿ ಸುಡುವ ಹೆಂಚು ಹಸಿವಿನಿಂದ ಅಳತೊಡಗಿತು.

"ಅಳಬ್ಯಾಡ. ಆ ರಾಜನ ಕೈ ತಿದ್ದೇ ಬರ್ತೀನಿ," ಎಂದು ಹೆಂಚನ್ನು ಕಂಕುಳಲ್ಲಿಟ್ಟು ಅರಮನೆಗೆ ನಡೆದಳು.

ಅಲ್ಲಿ ವೈದ್ಯ ಮಾನಪ್ಪ ಮೊದಲೇ ಬಂದಿದ್ದ. ಅವನ ಕೈಯಲ್ಲಿ ಜೇನುನೊಣ ತುಂಬಿದ ಟೊಪ್ಪಿಗೆ.

"ತಲಿ ಕೊಯ್ಯಂಗಿಲ್ಲ, ಸೂಜಿ ಚುಚ್ಚಂಗಿಲ್ಲ," ಎಂದ ಮಾನಪ್ಪ. "ಇದು ಗುಂಯ್ ಅಂದ್ರ ಮಲಗಿದ ಮೆದುಳು ಎದ್ದು ಕೂಡ್ತೈತಿ. ಆಗ ಏನು ಮಾಡ್ತೀರೋ ಅದನ್ನ ಮೈ ಲಗೂನ ಕಲೀತೈತಿ."

"ಹಂಗಾದ್ರ ಟೊಪ್ಪಿಗಿ ನಾ ಹಾಕ್ಕೋತೀನಿ, ಹಿಟ್ಟು ಈಕಿ ಬಡೀಲಿ. ನನ್ನ ಕೈ ನೊಂದಾವು," ಎಂದ ರಾಜ.

"ಕಲಿಯೋರು ನೀವೋ ನಾನೋ, ದೊರಿ?" ಎಂದಳು ಫಕೀರವ್ವ.

"ಕಲಿಯೋದು ತಲಿ. ತಲಿ ನನ್ನದೈತಲ್ಲ."

ಒಲೆಯ ಮುಂದೆ ಕೂತ ರಾಜನ ತಲೆಯ ಮೇಲೆ ಟೊಪ್ಪಿಗೆ ಗುಂಯ್ ಎಂದಿತು. ಅವಳು ಬಡಿದಳು, ಅವನು ಕೂತ. ಅವಳು ಬಡಿದಳು, ಅವನು ಕೂತ. ಸಂಜೆ ಏಳಲು ಹೋದರೆ ಏಳಲಾಗಲಿಲ್ಲ. ಕೂರುವುದನ್ನು ಅಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದ. ಪೈಲ್ವಾನರು ಎಳೆದರು. ಆನೆ ಎಳೆಯಿತು. ಆನೆ ಸುಸ್ತಾಗಿ ಅವನ ಪಕ್ಕದಲ್ಲೇ ಕೂತಿತು.

"ಎಬ್ಬಿಸವ್ವಾ," ಎಂದು ರಾಜ ಗೋಗರೆದ.

"ಎಬ್ಬಸಾಕ ನಾ ಏನು ಹುಂಜೇನು? ಕೈ ಖಾಲಿ ಅದಾವಲ್ಲ, ಬಡೀರಿ."

ಬೇರೆ ದಾರಿಯಿರಲಿಲ್ಲ. ಬಡಿದ. ಕತ್ತೆಯ ಕಿವಿ ಬಂತು.

"ಅಂಗೈ ತಿರುಗಿಸ್ರಿ."

ಬಡಿದ. ಹರಿದ ಚಪ್ಪಲಿ ಬಂತು.

"ರೊಟ್ಟಿ ಅಂಚು ನೋಡ್ರಿ, ನನ್ನ ಮಾರಿ ಅಲ್ಲ."

ಬಡಿದ, ಬಡಿದ, ಟೊಪ್ಪಿಗೆ ಗುಂಯ್‌ಗುಟ್ಟಿತು. ಕಡೆಗೊಂದು ರೊಟ್ಟಿ ಎಷ್ಟು ದುಂಡಗಾಯಿತೆಂದರೆ, ಚಂದ್ರ ಕಿಟಕಿಯಲ್ಲಿ ಇಣುಕಿ, ಅಳತೆ ನೋಡಿಕೊಂಡು ಹೋದ.

ಮತ್ತೆ ಡಂಗುರವಾಯಿತು. ಊರಿನ ಒಲೆಗಳು ಹೊತ್ತಿಕೊಂಡವು. ಫಕೀರವ್ವನ ಹೆಂಚು ತೇಗಿತು. ಆದರೆ ರಾಜನಿಗೆ ಈಗ ಕೂರುವುದೂ ಬಂದಿತ್ತು, ಬಡಿಯುವುದೂ ಬಂದಿತ್ತು. ಎರಡನ್ನೂ ನಿಲ್ಲಿಸುವುದು ಬರಲಿಲ್ಲ.

"ಇನ್ನ ರಾಜ್ಯ ಆಳೋರು ಯಾರು?" ಎಂದ ಮಂತ್ರಿ.

ಫಕೀರವ್ವ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. "ಆ ಟೊಪ್ಪಿಗಿ ಇತ್ತ ಕೊಡ್ರಿ," ಎಂದಳು. ಹಾಕಿಕೊಂಡು ಸಿಂಹಾಸನ ಹತ್ತಿದಳು. ಇವತ್ತಿಗೂ ಇಳಿದಿಲ್ಲ.

ಆದ್ದರಿಂದ ಟೊಪ್ಪಿಗೆ ಹಾಕಿಕೊಳ್ಳುವ ಮೊದಲು ಎಲ್ಲಿ ಕೂತಿದ್ದೀರೆಂದು ನೋಡಿಕೊಳ್ಳಿ. ಕತೆ ಅತ್ತ ಹೋಯಿತು, ನಾವು ಇತ್ತ ಉಳಿದೆವು, ಜೇನುನೊಣಗಳನ್ನು ಮಾತ್ರ ಯಾರೂ ಕೇಳಲಿಲ್ಲ.